ಜರ್ಮನಿಯಲ್ಲಿ ನಿರಾಶ್ರಿತರಿಗೆ ಎಲ್ಲಾ ಪುಕ್ಕಟೆನಾ?

ಊರಿಗೆ ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಕಳೆದ ಸಲ ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲೇ, ಚಿಕ್ಕಪ್ಪ ಶುರು ಮಾಡಿದರು. "ಅಲ್ಲ ಕಣಮ್ಮಾ, ನೀನು ಅಲ್ಲಿ ದುಡಿದು ತೆರಿಗೆ ಕಟ್ತೀಯ. ಆ ಸಿರಿಯಾದವರನ್ನ ಸರ್ಕಾರ ಸುಮ್ನೆ ಕೂರಿಸಿ ಊಟ ಹಾಕುತ್ತಂತೆ. ಹೌದಾ?"

ಹೌದು ಚಿಕ್ಕಪ್ಪ, ಊಟ ಹಾಕುತ್ತದೆ. ಆದರೆ ಕೂರಿಸುವುದೂ ಸರ್ಕಾರವೇ.

ಆಶ್ರಯ ಕೇಳಿ ಬಂದವರು ತಮಗೆ ಬೇಕಾದ ಊರಲ್ಲಿ ಇರುವಂತಿಲ್ಲ. ಅವರನ್ನು 16 ರಾಜ್ಯಗಳಿಗೆ ಹಂಚುತ್ತಾರೆ. ಆ ಲೆಕ್ಕದಲ್ಲಿ ರಾಜ್ಯದ ತೆರಿಗೆ ವರಮಾನಕ್ಕೆ ಎರಡು ಪಾಲು ತೂಕ, ಜನಸಂಖ್ಯೆಗೆ ಒಂದು ಪಾಲು. ಅಣ್ಣ ಹ್ಯಾಂಬರ್ಗಿನಲ್ಲಿದ್ದರೂ ತಮ್ಮನನ್ನು ಸ್ಯಾಕ್ಸನಿಗೆ ಹಾಕಬಹುದು. ಮೊದಲ ಮೂರು ತಿಂಗಳು ಕೆಲಸಕ್ಕೆ ಹೋಗುವಂತಿಲ್ಲ. ಸರ್ಕಾರಿ ಶಿಬಿರದಲ್ಲೇ ಉಳಿದರೆ ಇನ್ನೂ ಜಾಸ್ತಿ. ದುಡಿಯಬೇಡ ಅಂತ ಕಾನೂನು ಮಾಡಿ, ಆಮೇಲೆ ಸೋಮಾರಿ ಅಂತ ಬೈಯುವುದು!

ನಾನು ಗುರುವಾರ ಸಂಜೆ ಒಂದು ಚರ್ಚಿನ ಹಾಲ್‌ಗೆ ಹೋಗುತ್ತೇನೆ, ಇವರಿಗೆ ಬಂದ ಸರ್ಕಾರಿ ಪತ್ರ ಓದಿಕೊಡಲು. ಅಲ್ಲಿ ಎಲ್ಲರೂ ಹೆದರುವುದು ಹಳದಿ ಲಕೋಟೆಗೆ. ಅರ್ಜಿ ಏನಾಯಿತು ಅನ್ನುವುದು ಅದರಲ್ಲೇ ಬರುತ್ತದೆ. ತಿರಸ್ಕಾರವಾಗಿದ್ದರೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಎರಡು ವಾರ, ಕೆಲವರಿಗೆ ಒಂದೇ ವಾರ. ಅಂಚೆಯವನು ಲಕೋಟೆಯ ಮೇಲೆ ಬರೆದ ತಾರೀಖಿನಿಂದ ದಿನ ಎಣಿಸುತ್ತಾರೆ. ಒಬ್ಬ ಹುಡುಗ ಪತ್ರ ಮಾತ್ರ ತಂದಿದ್ದ. ಲಕೋಟೆ ಎಲ್ಲಪ್ಪಾ ಅಂದರೆ, ಬಿಸಾಕಿದೆ ಅಂದ. ಅವತ್ತು ಅವನ ಹಾಸ್ಟೆಲಿಗೆ ಹೋಗಿ ಕಸದ ಡಬ್ಬ ಜಾಲಾಡಿದೆವು.

ಅರ್ಜಿ ಒಪ್ಪಿ ನಿರಾಶ್ರಿತ ಅಂತ ಮಾನ್ಯ ಮಾಡಿದರೆ ಮೂರು ವರ್ಷದ ಪರವಾನಗಿ. ಜೊತೆಗೆ ಕೋರ್ಸು: ಸಾಮಾನ್ಯವಾಗಿ 600 ಗಂಟೆ ಭಾಷೆ, 100 ಗಂಟೆ ಅಲ್ಲಿನ ಕಾನೂನು, ಇತಿಹಾಸ. ಆ ಭಾಷೆಯಲ್ಲಿ ಮೇಜು ಗಂಡು, ದೀಪ ಹೆಣ್ಣು, ಹುಡುಗಿ ಮಾತ್ರ ನಪುಂಸಕಲಿಂಗ. ನನಗೇ ಇನ್ನೂ ತಪ್ಪುತ್ತದೆ.

ಇಷ್ಟಾದರೂ ದುಡಿಯುತ್ತಾರಾ? 2015ರಲ್ಲಿ ಬಂದವರಲ್ಲಿ, ಏಳು ವರ್ಷದ ನಂತರ, ದುಡಿಯುವ ವಯಸ್ಸಿನ ನೂರು ಜನರಲ್ಲಿ ಸುಮಾರು 64 ಮಂದಿ ಕೆಲಸದಲ್ಲಿದ್ದರು. ಹೆಂಗಸರ ಲೆಕ್ಕ ತುಂಬಾ ಕಡಿಮೆ. ಮಗುವನ್ನು ಬಿಟ್ಟು ಹೋಗಲು ಶಿಶುವಿಹಾರದಲ್ಲಿ ಜಾಗ ಸಿಗಬೇಕಲ್ವಾ?

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. 2022ರಲ್ಲಿ ಯುಕ್ರೇನಿನವರು ಬಂದಾಗ ಈ ಕಾಯುವಿಕೆಯೇ ಇರಲಿಲ್ಲ. ಯುರೋಪಿನ ಒಂದು ಕಾನೂನಿನಡಿ ನೇರವಾಗಿ ರಕ್ಷಣೆ ಕೊಟ್ಟು, ಕೆಲಸಕ್ಕೂ ಒಪ್ಪಿಗೆ ಕೊಟ್ಟರು. ಒಳ್ಳೆಯದೇ. ಆದರೆ ಆ ಕಾನೂನು ಮಾಡಿದ್ದು 2001ರಲ್ಲಿ. 2015ರಲ್ಲೂ ಇತ್ತು. ಸಿರಿಯಾದವರಿಗಾಗಿ ಯಾರೂ ಅದನ್ನು ಹೊರಗೆ ತೆಗೆಯಲಿಲ್ಲ.

ಚಿಕ್ಕಪ್ಪ ಮಜ್ಜಿಗೆ ಕುಡಿದು ಕೇಳಿದ್ದು ಒಂದೇ: "ಆ ಹುಡುಗನ ಲಕೋಟೆ ಸಿಕ್ತಾ?"

ಸಿಕ್ಕಿತು. ಇನ್ನೂ ನಾಲ್ಕು ದಿನ ಉಳಿದಿತ್ತು. ಕೇಸು ನಡೆಯುತ್ತಲೇ ಇದೆ.