ಜಿಲ್ಲೆಯ ಲೆಕ್ಕ, ನಮ್ಮ ಬೀದಿಯ ಜ್ವರ

ಮುಂಗಾರು ಹಿಡಿದು, ನಾಲೆಯ ನೀರು ಗದ್ದೆ ಬಯಲಿಗೆ ಇಳಿಯುವ ಹೊತ್ತಿಗೆ ದಿನಪತ್ರಿಕೆಗಳ ಮಂಡ್ಯ ಪುಟದಲ್ಲಿ ಡೆಂಗಿಯ ಅಂಕಿಗಳು ಕಾಣಿಸಿಕೊಳ್ಳುತ್ತವೆ. ಇಷ್ಟು ಮಂದಿಯ ರಕ್ತದ ಮಾದರಿ ಪರೀಕ್ಷಿಸಲಾಗಿದೆ, ಇಷ್ಟು ಮಂದಿಗೆ ಸೋಂಕು ದೃಢಪಟ್ಟಿದೆ, ಸಾರ್ವಜನಿಕರು ಆತಂಕಪಡಬೇಕಾಗಿಲ್ಲ ಎಂಬಲ್ಲಿಗೆ ಇಲಾಖೆಯ ಮಾತು ಮುಗಿಯುತ್ತದೆ. ಏಳು ತಾಲ್ಲೂಕುಗಳಿರುವ, 2011ರ ಜನಗಣತಿಯಲ್ಲೇ 18 ಲಕ್ಷ ಜನಸಂಖ್ಯೆ ದಾಟಿದ್ದ ಜಿಲ್ಲೆಗೆ ಒಂದೇ ಅಂಕಿ ಕೊಟ್ಟರೆ ಅದನ್ನು ಓದಿದ ನಾಗಮಂಗಲದವರಾಗಲಿ ಮಳವಳ್ಳಿಯವರಾಗಲಿ ಮಾರನೆಯ ದಿನ ಬೆಳಿಗ್ಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರಿನಾಚೆ ಹಾರಿ ಹೋಗುವುದು ಅಪರೂಪ. ಹಾಗಾಗಿ ನನಗೆ ಬೇಕಾಗಿರುವುದು ನಮ್ಮ ಬೀದಿಯ ಸುದ್ದಿ, ಹೆಚ್ಚೆಂದರೆ ಪಕ್ಕದ ಬೀದಿಯದು. ಆ ಸುದ್ದಿ ಸರ್ಕಾರದ ಬಳಿ ಇಲ್ಲವೆಂದಲ್ಲ, ಇದೆ. ನಮ್ಮವರೆಗೆ ಬರುವುದಿಲ್ಲ ಅಷ್ಟೆ.

ಮೊದಲಿಗೆ ಆ ಜಿಲ್ಲಾ ಅಂಕಿ ಹುಟ್ಟುವ ಬಗೆಯನ್ನು ನೋಡಬೇಕು. ಜ್ವರ ಬಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಹೋಗುವುದು ಹತ್ತಿರದ ಖಾಸಗಿ ಕ್ಲಿನಿಕ್ಕಿಗೆ. ಅಲ್ಲಿ ಬೆರಳು ಚುಚ್ಚಿಯೋ ತೋಳಿನಿಂದ ರಕ್ತ ತೆಗೆದೋ ಕಾರ್ಡ್ ಟೆಸ್ಟ್ ಮಾಡುತ್ತಾರೆ, ಗೆರೆ ಮೂಡಿದರೆ ಡೆಂಗಿ ಎನ್ನುತ್ತಾರೆ. ಆದರೆ ಸರ್ಕಾರಿ ಲೆಕ್ಕದಲ್ಲಿ ದೃಢಪಟ್ಟ ಪ್ರಕರಣ ಎನ್ನಿಸಿಕೊಳ್ಳಬೇಕಾದರೆ ಪ್ರಯೋಗಾಲಯದಲ್ಲಿ ಯಂತ್ರದಿಂದ ಅಳೆಯುವ ಎಲಿಸಾ ವಿಧಾನದಲ್ಲಿ ಪರೀಕ್ಷೆಯಾಗಬೇಕು. ಕಾರ್ಡಿನಲ್ಲಿ ಮಾತ್ರ ಪಾಸಿಟಿವ್ ಬಂದವರು ಶಂಕಿತರ ಸಾಲಿಗೆ ಸೇರುತ್ತಾರೆ. ಪರೀಕ್ಷೆಯ ದಿನವೂ ಮುಖ್ಯವೇ. ಜ್ವರದ ಮೊದಲ ಐದು ದಿನಗಳಲ್ಲಿ ಎನ್‌ಎಸ್1 ಪ್ರತಿಜನಕ, ಅಂದರೆ ವೈರಸ್ಸಿನದೇ ಒಂದು ಪ್ರೋಟೀನು, ರಕ್ತದಲ್ಲಿ ಸಿಗುತ್ತದೆ, ಅಲ್ಲಿಂದ ಮುಂದೆ ಅದರ ವಿರುದ್ಧ ದೇಹ ತಯಾರಿಸುವ ಐಜಿಎಂ ಪ್ರತಿಕಾಯವನ್ನು ಹುಡುಕಬೇಕು. ಒಂದು ವಾರ ಮಾತ್ರೆ ನುಂಗಿಕೊಂಡು ಮನೆಯಲ್ಲೇ ಮಲಗಿದ್ದು ಆಮೇಲೆ ಬಂದವರಿಗೆ ಎನ್‌ಎಸ್1 ಒಂದನ್ನೇ ಮಾಡಿ ನೆಗೆಟಿವ್ ಎಂದು ಕಳಿಸಿದರೆ ಅದು ಲೆಕ್ಕಕ್ಕೂ ಸಿಗುವುದಿಲ್ಲ, ರೋಗಿಗೂ ನೆರವಾಗುವುದಿಲ್ಲ. ಬೀದಿಯಲ್ಲಿ ಮನೆಮನೆಗೂ ಜ್ವರ ಇರುವಾಗ ಪತ್ರಿಕೆಯಲ್ಲಿ ತಾಲ್ಲೂಕಿಗೆಲ್ಲ ಬೆರಳೆಣಿಕೆಯ ಪ್ರಕರಣ ಎಂದು ಓದಿ ಸರ್ಕಾರ ಸುಳ್ಳು ಹೇಳುತ್ತಿದೆ ಎಂದು ಅರಳಿಕಟ್ಟೆಯಲ್ಲಿ ಮಾತು ಹುಟ್ಟುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಸುಳ್ಳೆಂದು ನಾನು ಹೇಳಲಾರೆ. ಎಣಿಕೆಯ ಕ್ರಮವನ್ನು ಆ ಅಂಕಿಯ ಪಕ್ಕದಲ್ಲೇ ಒಂದು ಸಾಲಿನಲ್ಲಿ ತಿಳಿಸಿದರೆ ಈ ಗುಮಾನಿಗೆ ಎಡೆಯಿರುತ್ತಿರಲಿಲ್ಲ.

2024ರಲ್ಲಿ ರಾಜ್ಯ ಸರ್ಕಾರ ಎರಡು ಒಳ್ಳೆಯ ಕೆಲಸ ಮಾಡಿತು. ಖಾಸಗಿ ಪ್ರಯೋಗಾಲಯಗಳು ಎನ್‌ಎಸ್1 ಎಲಿಸಾಕ್ಕೆ 300 ರೂಪಾಯಿ, ಐಜಿಎಂ ಎಲಿಸಾಕ್ಕೆ 300 ರೂಪಾಯಿ, ಕಾರ್ಡ್ ಟೆಸ್ಟಿಗೆ 250 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು ದರ ನಿಗದಿ ಮಾಡಿತು. ಆಮೇಲೆ, ಸೆಪ್ಟೆಂಬರಿನಲ್ಲಿ, ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ಹಳ್ಳಿಯ ಮನೆಗಳಿಗೆ 200, ಪಟ್ಟಣದ ಮನೆಗಳಿಗೆ 400. ಅಂಗಡಿ, ಹೋಟೆಲಿನಂತಹ ವಾಣಿಜ್ಯ ಜಾಗಗಳಿಗೆ 500 ಮತ್ತು 1,000. ಕಟ್ಟಡ ಕಾಮಗಾರಿಯ ಜಾಗಗಳಿಗೆ 1,000 ಮತ್ತು 2,000 ರೂಪಾಯಿ. ಈ ಆದೇಶಗಳು ಬೆಂಗಳೂರಿನಿಂದ ಹೊರಟವಾದರೂ ನಮ್ಮ ಹೋಬಳಿಯನ್ನು ಮುಟ್ಟಿದವೇ ಎಂಬ ಅನುಮಾನ ನನಗೆ ಇಂದಿಗೂ ಇದೆ. ನಮ್ಮ ಮನೆಯ ಹುಡುಗನಿಗೆ ಜ್ವರ ಬಂದಾಗ ಪಟ್ಟಣದ ಒಂದು ಲ್ಯಾಬಿನವರು ನಿಗದಿತ ದರದ ಎರಡರಷ್ಟು ಕೇಳಿದರು. ಸರ್ಕಾರದ ದರವನ್ನು ನೆನಪಿಸಿದ್ದಕ್ಕೆ, ಬಿಲ್ಲು ಬರೆಯುತ್ತಿದ್ದ ಹುಡುಗಿ ತಲೆ ಎತ್ತದೆಯೇ, ‘ಅದು ಗೌರ್ಮೆಂಟ್ ಆಸ್ಪತ್ರೆಗೆ ಸಾರ್’ ಎಂದಳು. ಆ ದರ ಗೊತ್ತುಮಾಡಿದ್ದೇ ಖಾಸಗಿಯವರಿಗೆಂದು, ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ಕಾಸು ಕೊಡಬೇಕಾಗಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ದರಪಟ್ಟಿಯನ್ನು ಗೋಡೆಗೆ ಹಾಕಿರಲೂ ಇಲ್ಲ. ಹುಡುಗಿಯ ಮೇಲೆ ಕೋಪ ಮಾಡಿಕೊಂಡು ಫಲವೇನು?

ಬೀದಿಯ ಸುದ್ದಿ ಇರುವುದು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ. ನಮ್ಮ ಊರಿನಾಕೆ ಲಾರ್ವಾ (ನೀರಿನಲ್ಲಿರುವ ಸೊಳ್ಳೆಮರಿ) ಸಮೀಕ್ಷೆಗೆ ಬಂದಾಗ ನಾನು ಒಂದಷ್ಟು ಮನೆಗಳಿಗೆ ಜೊತೆಯಲ್ಲಿ ಹೋಗಿದ್ದೆ. ಹಿತ್ತಿಲಿಗೆ ಹೋಗಿ, ಹಗಲಿನಲ್ಲೂ ಮೊಬೈಲಿನ ಟಾರ್ಚ್ ಹಾಕಿ, ಸಿಮೆಂಟ್ ತೊಟ್ಟಿಯ ನೀರಿಗೆ ಓರೆಯಾಗಿ ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಕೂಡಲೇ ಹುಳುಗಳು ಕೊಂಕಿ ಕೊಂಕಿ ತಳಕ್ಕೆ ಇಳಿಯುವುದು ಕಾಣುತ್ತದೆ. ಡ್ರಮ್ಮು, ಒಡೆದ ಕೊಡ, ಫ್ರಿಜ್ಜಿನ ಹಿಂದಿನ ತಟ್ಟೆ, ಟ್ರ್ಯಾಕ್ಟರಿನ ಹಳೆಯ ಟೈರು, ಕೆಲಸವಿಲ್ಲದೆ ಮೂಲೆ ಸೇರಿ ಮಳೆನೀರು ತುಂಬಿಕೊಂಡ ಒರಳುಕಲ್ಲು, ಎಲ್ಲವನ್ನೂ ನೋಡಿ ಬರೆದುಕೊಳ್ಳುತ್ತಾರೆ. ಒಂದು ಮನೆಯಲ್ಲಿ ‘ಅಜ್ಜಿ, ಹುಳ ಬಿದ್ದವೆ, ಈ ನೀರ ಚೆಲ್ಲಿ’ ಎಂದರು. ಅಜ್ಜಿ, ‘ನಲ್ಲಿ ಬರದು ನಾಡಿದ್ದು ಕಣವ್ವ, ಇದ ಚೆಲ್ಬುಟ್ರೆ ಮುಸುರೆ ಯಾತ್ರಲ್ ತಿಕ್ಲಿ?’ ಎಂದು ಕೇಳಿದರು. ಆ ಪ್ರಶ್ನೆಗೆ ಆಶಾ ಕಾರ್ಯಕರ್ತೆ ಉತ್ತರ ಕೊಡಲಾರರು, ಪಂಚಾಯಿತಿ ಕೊಡಬೇಕು. ಮೊಟ್ಟೆ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಬೇಕು. ನೀರು ಗೊತ್ತಾದ ದಿನ ತಪ್ಪದೆ ಬರುವುದಾದರೆ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ ಉಜ್ಜಿ ಒಣಗಿಸಲು ಯಾರೂ ಹಿಂಜರಿಯುವುದಿಲ್ಲ. ಯಾವಾಗ ಬರುತ್ತದೋ ತಿಳಿಯದಿದ್ದರೆ ಹಿಡಿದಿಟ್ಟ ನೀರನ್ನು ಯಾರೂ ಚೆಲ್ಲುವುದಿಲ್ಲ. ಹೀಗೆ ಮಾಹಿತಿ ಕಲೆಹಾಕುವ ಆಶಾ ಕಾರ್ಯಕರ್ತೆಯರು ತಮ್ಮ ಸಂಭಾವನೆಗಾಗಿ 2025ರ ಜನವರಿಯಲ್ಲಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಮನೆಗಳಿಗೆ ಟಾರ್ಚ್ ಬಿಡುವ ವ್ಯವಸ್ಥೆ ಹೆದ್ದಾರಿಯ ಬದಿಗೆ ಬಂದಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆ ದೇಶಕ್ಕೇ ಹೆಸರಾದದ್ದು, ಅದರ ಬಗ್ಗೆ ನಮಗೆ ಅಭಿಮಾನವೂ ಉಂಟು. ಆದರೆ ರಸ್ತೆಯುದ್ದಕ್ಕೂ ಎಳನೀರು ಮಾರುವ ಕಡೆಗಳಲ್ಲಿ ಗುಡ್ಡೆಬಿದ್ದ ಬುರುಡೆಗಳಿಗೆ ಒಂದು ಮಳೆ ಬಿದ್ದರೆ ಸಾಕು, ಒಂದೊಂದೂ ಸೊಳ್ಳೆಯ ತೊಟ್ಟಿಲಾಗುತ್ತದೆ. ಈಡಿಸ್ ಮೊಟ್ಟೆಯಿಡುವುದು ನೀರಿನ ಅಂಚಿನ ಮೇಲಿನ ಒದ್ದೆ ಗೋಡೆಯಲ್ಲಿ. ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿ ಅಂಟಿಕೊಂಡಿದ್ದು ಮುಂದಿನ ಮಳೆಗೆ ಮರಿಯಾಗಬಲ್ಲವು. ಆದುದರಿಂದ ಬುರುಡೆಗಳನ್ನು ಆಗಿಂದಾಗ್ಗೆ ಸಾಗಿಸುವುದೋ, ಚಿಕ್ಕದಾಗಿ ಸೀಳಿ ಗೊಬ್ಬರಕ್ಕೆ ಹಾಕುವುದೋ ಆಗಬೇಕು. ಅದರ ಬದಲು ನಡೆಯುವುದು ಹೊಗೆ ಬಿಡುವ ಕಾರ್ಯಕ್ರಮ, ಏಕೆಂದರೆ ಹೊಗೆ ಯಂತ್ರ ಹಿಡಿದವರ ಫೋಟೊ ಚೆನ್ನಾಗಿ ಬರುತ್ತದೆ. ಹೊಗೆಗೆ ಸಾಯುವುದು ಆ ಹೊತ್ತಿನಲ್ಲಿ ಹಾರಾಡುತ್ತಿರುವ ಸೊಳ್ಳೆ ಮಾತ್ರ. ನೀರಿನೊಳಗಿನ ಹುಳುವಿಗೂ ಬುರುಡೆಗೆ ಅಂಟಿದ ಮೊಟ್ಟೆಗೂ ಅದು ತಾಕುವುದೇ ಇಲ್ಲ.

ಇವನ್ನೆಲ್ಲ ಕೇಳುವ ಜಾಗ ಯಾವುದು? ಜಿಲ್ಲಾ ಪಂಚಾಯಿತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಎಂಬುದಿದೆ. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆಯಿಲ್ಲದೆ ವರ್ಷಗಳೇ ಉರುಳಿದವು. ಸದಸ್ಯರೇ ಇಲ್ಲದ ಸಮಿತಿಯಲ್ಲಿ ಅಧಿಕಾರಿಯನ್ನು ಪ್ರಶ್ನಿಸುವವರು ಯಾರು? ನಮ್ಮ ಪಾಲಿಗೆ ಉಳಿದಿರುವುದು ವಾರ್ಡ್ ಸಭೆ ಮತ್ತು ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಇವು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಇದಲ್ಲದೆ ಪಂಚಾಯಿತಿ ಸದಸ್ಯರೂ ಆಶಾ ಕಾರ್ಯಕರ್ತೆಯೂ ಇರುವ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಊರಿನ ಅಗತ್ಯಕ್ಕೆ ತಕ್ಕಂತೆ ಖರ್ಚು ಮಾಡುವ ನಿಧಿ ಇದೆ. ನಾನು ಕಂಡ ಗ್ರಾಮಸಭೆಗಳಲ್ಲಿ ಮನೆ ಹಂಚಿಕೆಯ ಪಟ್ಟಿ ಓದುವಾಗ ಜನ ಮುಗಿಬೀಳುತ್ತಾರೆ. ಆರೋಗ್ಯದ ಸರದಿ ಬರುವ ಹೊತ್ತಿಗೆ ಶಾಮಿಯಾನದಡಿ ಕುರ್ಚಿಗಳು ಖಾಲಿಯಾಗಿರುತ್ತವೆ.

ಕುಡಿಯುವ ನೀರಿನ ಸುದ್ದಿಯೂ ಹೀಗೆಯೇ, ನಮ್ಮವರೆಗೆ ಬರುವುದಿಲ್ಲ. 2024ರ ಮೇ ತಿಂಗಳಲ್ಲಿ ಪಕ್ಕದ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಯುವಕ ತೀರಿಕೊಂಡ. ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ. ಪರೀಕ್ಷಾ ದ್ರಾವಣದ ಹನಿ ಬಿಟ್ಟು ಹಳದಿ ಬಣ್ಣ ಬಂತೇ ಎಂದು ನೋಡುವ ಈ ಕೆಲಸವನ್ನು ಊರಿಗೆ ನೀರು ಬಿಡುವ ನೀರುಗಂಟಿಯೇ ಮಾಡಬಹುದು, ನಿಮಿಷಗಳಲ್ಲಿ ಮುಗಿಯುತ್ತದೆ.

ನಮ್ಮ ಪಂಚಾಯಿತಿಗೆ ನಾನು ಬರೆದುಕೊಟ್ಟಿರುವ ಮನವಿಯೂ ಇಷ್ಟೇ. ಯಾವ ಬೀದಿಯಲ್ಲಿ ಈ ವಾರ ಎಷ್ಟು ಮನೆ ನೋಡಿದರು, ಎಷ್ಟರಲ್ಲಿ ಹುಳು ಸಿಕ್ಕಿತು, ಟ್ಯಾಂಕ್ ತೊಳೆದದ್ದು ಯಾವತ್ತು, ಕ್ಲೋರಿನ್ ನೋಡಿದ್ದು ಯಾವತ್ತು, ನೀರು ಬಿಡುವ ದಿನ ಯಾವುದು ಎಂಬುದನ್ನು ಹಾಲಿನ ಡೇರಿಯ ಮುಂದಿನ ಕಪ್ಪು ಹಲಗೆಯ ಮೇಲೆ ಬರೆಯಬೇಕು. ಪಂಚಾಯಿತಿ ಕಚೇರಿಯ ನೋಟಿಸ್ ಬೋರ್ಡಿನ ಮುಂದೆ ಯಾರೂ ನಿಲ್ಲುವುದಿಲ್ಲ, ಡೇರಿಗೆ ಎರಡು ಹೊತ್ತೂ ಎಲ್ಲರೂ ಬರುತ್ತಾರೆ. ಕಾಯಿಲೆಯವರ ಹೆಸರು ಬಯಲಾಗಬಾರದೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು ಹೇಳಿದ್ದು ಸರಿಯಾದ ಮಾತು. ಬೀದಿಯ ಹೆಸರಿದ್ದರೆ ಸಾಕು. ಮುಂದಿನ ವಾರ್ಡ್ ಸಭೆಯಲ್ಲಿ ಇದನ್ನು ಇಡುವುದಾಗಿ ಅವರು ಒಪ್ಪಿದ್ದಾರೆ, ದಿನ ಗೊತ್ತಾದ ಕೂಡಲೇ ಇಲ್ಲಿ ತಿಳಿಸುತ್ತೇನೆ. ಈ ನಡುವೆ ಜ್ವರ ಬಂದವರು ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು. ಸಲಹೆಗೆ ಆರೋಗ್ಯ ಸಹಾಯವಾಣಿ 104, ಆಂಬುಲೆನ್ಸಿಗೆ 108.