ಮೊದಲು ಹಿತ್ತಲು ನೋಡಿ

ನಮ್ಮ ಹೋಂಸ್ಟೇಗೆ ಫೋನ್ ಮಾಡಿದವರು ಮೊದಲು ಕೇಳೋದು ರೇಟು, ಆಮೇಲೆ ಸ್ವಿಮ್ಮಿಂಗ್ ಪೂಲು. ಪೂಲ್ ಇಲ್ಲ ಅಂದರೆ, 'ಹೋಗ್ಲಿ, ರೈನ್ ಡ್ಯಾನ್ಸ್ ಆದ್ರೂ ಇದೆಯಾ ಆಂಟಿ?' ಅಂತಾರೆ. ನಮ್ಮ ಮೂಡಿಗೆರೆ ಕಡೆ ತೋಟದವರು ಮಳೆಯನ್ನ ಇಂಚಿನ ಲೆಕ್ಕದಲ್ಲಿ ಬರೆದಿಡ್ತಾರೆ. ಕೊಟ್ಟಿಗೆಹಾರದ ಸುತ್ತ ವರ್ಷಕ್ಕೆ ನೂರು ಇಂಚು ದಾಟಿದ್ರೆ ಯಾರೂ ಹುಬ್ಬೇರಿಸಲ್ಲ. ಅಂಥ ಊರಲ್ಲಿ ಮೋಟಾರ್ ಹಾಕಿ, ಪೈಪಿಗೆ ತೂತು ಕೊರೆದು ಮಳೆ ಬರಿಸಿ ಕುಣೀಬೇಕಂತೆ! ಜುಲೈಯಲ್ಲಿ ಬನ್ನಿ, ಪುಕ್ಕಟೆ ಸಿಗುತ್ತೆ ಅಂತೀನಿ. ಇಂಬಳಾನೂ (ಜಿಗಣೆ) ಪುಕ್ಕಟೆ.

ನಮ್ಮದು ನಾಲ್ಕು ಕೋಣೆಯ ಹೋಂಸ್ಟೇ. ಮಾವನವರ ಕಾಲದ ಹೆಂಚಿನ ಮನೆ, ಸುತ್ತ ಕಾಫಿ ತೋಟ, ಕೆಳಗೆ ಹಳ್ಳ. ಮೂರು ಕೋಣೆ ಹಳೇ ಮನೆಯಲ್ಲೇ ಇವೆ, ನಾಲ್ಕನೇದು ಹಿಂದೆ ಕಾಫಿ ಮೂಟೆ ಪೇರಿಸ್ತಿದ್ದ ಗೋಡೌನು. ಬೋರ್ಡಿನಲ್ಲಿ 'ಪರಿಸರಸ್ನೇಹಿ' ಅಂತ ಬರೆಸಿದ್ದು ಮಗಳು. ಅದನ್ನು ಓದಿಕೊಂಡು ಬಂದವರು ಮಣ್ಣಿನ ಗೋಡೆ, ಬಿದಿರಿನ ಲೈಟು ಹುಡುಕ್ತಾರೆ. ನಾನು ಬ್ಯಾಗ್ ಇಳಿಸಿ ಕಾಫಿ ಕುಡಿದ ತಕ್ಷಣ ಅವರನ್ನ ಹಿತ್ತಲಿಗೆ ಕರ್ಕೊಂಡು ಹೋಗ್ತೀನಿ. ಗುಡ್ಡ, ಸೂರ್ಯಾಸ್ತ ಎಲ್ಲ ಸಂಜೆಗೆ ಇದ್ದದ್ದೇ. ಬಚ್ಚಲ ನೀರು ಎಲ್ಲಿಗೆ ಹರಿಯುತ್ತೆ, ಎಲೆಯಲ್ಲಿ ಬಿಟ್ಟ ಅನ್ನ ಏನಾಗುತ್ತೆ, ಕಕ್ಕಸಿನ ಗುಂಡಿಗೂ ಹಳ್ಳಕ್ಕೂ ಎಷ್ಟು ದೂರ, ಇಷ್ಟು ಗೊತ್ತಾದ್ರೆ ಆ ಮನೆ ಪರಿಸರಸ್ನೇಹಿಯೋ ಅಲ್ಲವೋ ಅಂತ ಬೋರ್ಡ್ ಓದೋ ಅಗತ್ಯ ಇಲ್ಲ.

ನಮ್ಮ ಹಳ್ಳ ಹೇಮಾವತಿಗೆ ಸೇರುತ್ತೆ. ಹೇಮಾವತಿ ಹುಟ್ಟೋದು ನಮ್ಮ ತಾಲ್ಲೂಕಿನ ಜಾವಳಿ ಹತ್ತಿರ. ಅಲ್ಲಿಂದ ಸಕಲೇಶಪುರ, ಗೊರೂರು ಅಣೆಕಟ್ಟು, ಕೊನೆಗೆ ಕೃಷ್ಣರಾಜಸಾಗರದ ಹಿನ್ನೀರಲ್ಲಿ ಕಾವೇರಿ. ಘಟ್ಟದ ನೆತ್ತಿಯಿಂದ ಆ ಕಡೆ ಬಿದ್ದ ಮಳೆ ನೇತ್ರಾವತಿ ಸೇರಿ ಮಂಗಳೂರಿನ ಸಮುದ್ರಕ್ಕೆ, ಈ ಕಡೆ ಬಿದ್ದದ್ದು ಬಂಗಾಳ ಕೊಲ್ಲಿಗೆ. ಬೆಂಗಳೂರಿನವರಿಗೆ ಇದನ್ನು ಹೇಳೋದು ಸುಲಭ: 'ನೀವು ಮನೇಲಿ ಕುಡಿಯೋದು ಕಾವೇರಿ ನೀರು ತಾನೇ? ಇಲ್ಲಿ ಬಚ್ಚಲಲ್ಲಿ ಸುರಿದದ್ದು ನಿಮಗಿಂತ ನಿಧಾನಕ್ಕೆ ಊರು ತಲುಪುತ್ತೆ, ಅಷ್ಟೇ.' ಒಬ್ಬ ಹುಡುಗ ಇದನ್ನು ಕೇಳಿ, ಕೈಯಲ್ಲಿದ್ದ ಶಾಂಪೂ ಪ್ಯಾಕೆಟ್ಟನ್ನು ಮೆತ್ತಗೆ ಜೇಬಿಗೆ ಹಾಕ್ಕೊಂಡ.

ಸ್ನಾನದ ನೀರು ಮೊದಲು ಜಲ್ಲಿ, ಇದ್ದಿಲು ತುಂಬಿದ ಗುಂಡಿಗೆ ಇಳಿಯುತ್ತೆ. ಅಲ್ಲಿಂದ ಬಾಳೆಗೆ, ಬಾಳೆಯ ಬುಡದ ಕೆಸುವಿಗೆ. ಆಗಸ್ಟಿನಲ್ಲಿ ಬಂದವರು ತಿನ್ನೋ ಪತ್ರೊಡೆ ಅಲ್ಲಿಂದಲೇ ಬರೋದು (ಊಟಕ್ಕೆ ಮೊದಲು ಮಾತ್ರ ಇದನ್ನ ಹೇಳಲ್ಲ). ಕಕ್ಕಸಿಗೆ ಸೆಪ್ಟಿಕ್ ಟ್ಯಾಂಕು, ಅದರಾಚೆ ಇಂಗುಗುಂಡಿ. ಟ್ಯಾಂಕೊಳಗೆ ಕೆಲಸ ಮಾಡೋದು ಕಣ್ಣಿಗೆ ಕಾಣದ ಹುಳಗಳು, ಆಸಿಡ್ ಸುರಿದರೆ ಅವು ಸಾಯುತ್ತವೆ. ಅವು ಸತ್ತರೆ ಕೊಳೆಯದೇ ಇರೋದೆಲ್ಲ ತುಂಬಿಕೊಂಡು, ಮಳೆಗಾಲದಲ್ಲಿ ಉಕ್ಕಿ ನೇರ ಹಳ್ಳಕ್ಕೆ. ಅದಕ್ಕೇ ನಮ್ಮಲ್ಲಿ ಆಸಿಡ್ ಇಲ್ಲ, ಫಿನಾಯಿಲ್ ಇಲ್ಲ. ಬ್ರಷ್ಷು, ಸೋಪಿನ ನೀರು, ರಟ್ಟೆ. 'ಬಾತ್‌ರೂಮಲ್ಲಿ ಕ್ಲೀನ್ ಮಾಡಿದ ವಾಸನೆಯೇ ಇಲ್ಲ' ಅಂತ ಒಬ್ಬರು ಸ್ಟಾರ್ ಕಡಿಮೆ ಕೊಟ್ಟು ಹೋದರು. ಯಾವ ವಾಸನೆಯೂ ಇಲ್ಲ ಅನ್ನೋದು ನನ್ನ ಪ್ರಕಾರ ಹೊಗಳಿಕೆ.

ಬಿಸಿನೀರಿಗೆ ಸೋಲಾರ್ ಇದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಈ ಕಡೆ ತಲೆ ಹಾಕೋದೇ ಅಪರೂಪ. ಆಗ ಅತ್ತೆಯವರ ತಾಮ್ರದ ಹಂಡೆಯೇ ಗತಿ. ಒಲೆಗೆ ಕಾಡಿನ ಸೌದೆ ತರಲ್ಲ. ಮಳೆ ಹಿಡಿಯೋ ಮೊದಲು ತೋಟದ ನೆರಳಿನ ಮರಗಳ ಕೊಂಬೆ ಸವರಿ ಮರಗಸಿ ಮಾಡಿದಾಗ ಸಿಲ್ವರ್ ಓಕಿನ ಕೊಂಬೆ ರಾಶಿ ಬೀಳುತ್ತೆ, ಅದನ್ನ ಕೊಟ್ಟಿಗೆ ಅಟ್ಟಕ್ಕೆ ಏರಿಸಿದ್ರೆ ಮಳೆಗಾಲ ಕಳೆಯುತ್ತೆ. ಗೋಬರ್ ಗ್ಯಾಸೂ ಹಾಗೇ, ಬಿಸಿಲು ಇದ್ದಷ್ಟು ದಿನ ಚೆನ್ನ. ಸಗಣಿಗೆ ಅಷ್ಟೇ ನೀರು ಬೆರೆಸಿ ಕದಡಿ ಬಿಟ್ಟರೆ ಬೆಳಗಿನ ಕಾಫಿ, ರೊಟ್ಟಿ ಎಲ್ಲ ಅದರಲ್ಲೇ. ಮಳೆ ಹಿಡಿದು ಥಂಡಿಯಾದರೆ ಗ್ಯಾಸ್ ಹುಟ್ಟೋದು ಇಳಿದು, ಉರಿ ನೀಲಿ ಎಳೆಯಷ್ಟಾಗುತ್ತೆ. ಆಗ ಸಿಲಿಂಡರ್ ತರ್ತೀವಿ. ಬಂದವರಿಗೆ ಅದನ್ನೂ ತೋರಿಸ್ತೀನಿ, ಮುಚ್ಚಿಡೋಕೆ ಏನಿದೆ?

ಊಟದ ಬಗ್ಗೆ ಎಲ್ಲರೂ ಫೋಟೋ ಹಾಕ್ತಾರೆ, ನಾನು ಬೇರೆ ಹೇಳಬೇಕಿಲ್ಲ. ಕಡುಬು, ಕೋಳಿ ಸಾರು, ಅಕ್ಕಿ ರೊಟ್ಟಿ, ಮಳೆಗಾಲಕ್ಕೆ ಕಳಲೆ (ಎಳೆ ಬಿದಿರು). ಕುಡಿಯೋಕೆ ಕುದಿಸಿ ಆರಿಸಿದ ಬಾವಿ ನೀರು, ಸ್ಟೀಲ್ ಜಗ್ಗಲ್ಲಿ. ಚಿಪ್ಸ್ ಪ್ಯಾಕೆಟ್ಟು, ನೀರಿನ ಬಾಟಲಿ ತಂದವರಿಗೆ ಒಂದು ಬಟ್ಟೆ ಚೀಲ ಕೊಡ್ತೀನಿ, ಖಾಲಿ ಪ್ಲಾಸ್ಟಿಕ್ ಅದರಲ್ಲೇ ವಾಪಸ್ ಊರಿಗೆ. ಕಸದ ಗಾಡಿ ನಮ್ಮ ಮಣ್ಣು ರಸ್ತೆಗೆ ಬರಲ್ಲ. ಕೆಲವರು ಚೀಲವನ್ನ ಕಾಫಿ ಗಿಡಕ್ಕೆ ನೇತುಹಾಕಿ ಹೋಗಿರ್ತಾರೆ.

ಮನೆಯ ಮೇಲಿನ ಗುಡ್ಡ ಕಡಿದು ಎರಡು ಗಾಜಿನ ಕಾಟೇಜ್ ಮಾಡಿದ್ರೆ ಆಮದನಿ ಎರಡು ಪಟ್ಟು ಅಂತ ಒಬ್ಬ ಕಂಟ್ರಾಕ್ಟರ್ ನಕ್ಷೆ ಸಮೇತ ಬಂದಿದ್ದ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ತೋಟ ಹೋದವು, ಚಾರ್ಮಾಡಿ ಘಾಟಿಯೂ ಬಂದ್ ಆಯ್ತು. ಅದನ್ನು ಕಂಡ ಮೇಲೂ ಇಳಿಜಾರಿಗೆ ಜೆಸಿಬಿ ಹತ್ತಿಸೋ ಧೈರ್ಯ ನಮ್ಮನೆಯವರಿಗೂ ಬರಲಿಲ್ಲ. ನಕ್ಷೆ ಅವನಿಗೇ ವಾಪಸ್.

ಆದರೆ ಡಿಸೆಂಬರ್ ಬಂದಾಗ ನಮ್ಮಿಬ್ಬರಿಗೂ ವಾದ ಶುರು.

ಅರೇಬಿಕಾ ಕಾಫಿಯ ಕೊಯ್ಲು ಜೋರಾಗಿ ನಡೆಯೋ ಹೊತ್ತು ಅದು. ಕೊಯ್ದ ಹಣ್ಣನ್ನ ಅದೇ ದಿನ ಸಿಪ್ಪೆ ಬಿಡಿಸೋ ಯಂತ್ರ, ಅಂದರೆ ಪಲ್ಪರ್‌ಗೆ ಹಾಕಬೇಕು, ರಾತ್ರಿ ಮೂಟೆಯಲ್ಲೇ ಬಿಟ್ಟರೆ ಹುಳಿಯಾಗಿ ಕಾಫಿ ಕೆಡುತ್ತೆ. ಸಿಪ್ಪೆ ಬಿಡಿಸೋಕೆ ನೀರು, ಲೋಳೆ ತೊಳೆಯೋಕೆ ಮತ್ತೆ ನೀರು. ಸರಿಯಾಗಿ ಅದೇ ವಾರಗಳಲ್ಲೇ ಕ್ರಿಸ್‌ಮಸ್ಸು, ಹೊಸ ವರ್ಷ ಅಂತ ಜನ ಬರೋದು. ಒಬ್ಬೊಬ್ಬರಿಗೆ ಎರಡೆರಡು ಸ್ನಾನ. ಮಳೆ ಹೋಗಿ ಹಳ್ಳ ಸೊರಗೋಕೆ ಶುರುವಾಗಿರುತ್ತೆ, ಬಾವಿಯಲ್ಲಿ ಇರೋ ನೀರು ಮಾರ್ಚಿನಲ್ಲಿ ಕಾಫಿ ಹೂ ಅರಳಿಸೋ ಹೂ ಮಳೆ ಬೀಳೋವರೆಗೂ ಬರಬೇಕು. ಆ ಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಬೇರೆ.

ಪಲ್ಪರ್‌ನಿಂದ ಹೊರಬೀಳೋ ನೀರಂತೂ ಬಚ್ಚಲ ನೀರಿಗಿಂತ ನೂರು ಪಾಲು ಕೆಟ್ಟದ್ದು. ಸಿಪ್ಪೆಯ ಸಕ್ಕರೆ ಎಲ್ಲ ಅದರಲ್ಲಿ ಕೊಳೆತು ಹುಳಿ ಬರುತ್ತೆ, ನೀರಲ್ಲಿರೋ ಉಸಿರನ್ನೇ ಹೀರಿಬಿಡುತ್ತೆ. ಹಿಂದೆ ಎಷ್ಟೋ ತೋಟದವರು ಹಳ್ಳಕ್ಕೇ ಬಿಡ್ತಿದ್ದರು. ಕಂದು ನೊರೆ, ಹೊಟ್ಟೆ ಮೇಲಾಗಿ ತೇಲೋ ಮೀನು, ದನ ಮೂತಿ ಇಟ್ಟು ಹಿಂದೆ ಸರಿಯೋದು ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕಂಡದ್ದೇ. ಈಗ ಅದನ್ನ ತೊಟ್ಟಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತೆಗೀತೀವಿ. ಸಿಪ್ಪೆ ತೆಗೆಯೋಕೆ ಬಳಸಿದ ನೀರನ್ನ ತಿರುಗಿಸಿ ಮತ್ತೆ ಬಳಸ್ತೀವಿ, ಸಿಪ್ಪೆ ಗೊಬ್ಬರದ ಗುಂಡಿಗೆ. ಆದರೂ ನೀರು ಸಾಲಲ್ಲ.

'ವರ್ಷದಲ್ಲಿ ಕಾಸು ಹುಟ್ಟೋದೇ ಆ ಹತ್ತು ದಿನ, ನಾಲ್ಕೂ ಕೋಣೆ ಕೊಡೇ, ಟ್ಯಾಂಕರ್ ತರಿಸೋಣ' ಅಂತಾರೆ ನಮ್ಮನೆಯವರು. 'ಟ್ಯಾಂಕರ್‌ನವನು ನೀರು ತುಂಬೋದು ಎಲ್ಲಿಂದ ರೀ? ಇದೇ ಹೊಳೆಯಿಂದ ಅಲ್ವಾ?' ಅಂದೆ. ಅವರ ಮಾತಿನಲ್ಲೂ ನ್ಯಾಯ ಇದೆ. ಬೆಳೆ ಕೈಕೊಟ್ಟ ವರ್ಷ ಮಗಳ ಫೀಸ್ ಕಟ್ಟಿದ್ದು ಈ ಕೋಣೆಗಳೇ. ಅಳೆದೂ ಸುರಿದೂ ಕಳೆದ ವರ್ಷ ಒಂದು ಲೆಕ್ಕಕ್ಕೆ ಬಂದೆವು. ಅರ್ಧ ಹಣ್ಣನ್ನ ಪಲ್ಪ್ ಮಾಡದೆ ಕಣದಲ್ಲಿ ಸಿಪ್ಪೆ ಸಮೇತ ಹಾಗೇ ಒಣಗಿಸಿ ಚೆರಿ ಮಾಡೋದು. ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಪಾರ್ಚ್‌ಮೆಂಟಿನ ರೇಟು ಅದಕ್ಕೆ ಸಿಗಲ್ಲ, ಒಣಗೋಕೂ ಹೆಚ್ಚು ದಿನ ಬೇಕು. ಆದರೆ ಒಂದು ಬಿಂದಿಗೆ ನೀರೂ ಖರ್ಚಿಲ್ಲ. ಪಲ್ಪರ್ ಓಡೋ ವಾರಗಳಲ್ಲಿ ಎರಡೇ ಕೋಣೆ, ಮಿಕ್ಕ ಎರಡಕ್ಕೆ ಬೀಗ. ತೆರೆದಿರೋ ಎರಡಕ್ಕೆ ರೇಟು ಸ್ವಲ್ಪ ಜಾಸ್ತಿ, ಅದು ನಮ್ಮನೆಯವರು ಗೆದ್ದ ಪಾಲು.

ಹಾಗಾಗಿ ಡಿಸೆಂಬರಿಗೆ ಬರೋ ಮನಸ್ಸಿದ್ದವರು ದೀಪಾವಳಿ ಒಳಗೆ ಫೋನ್ ಮಾಡಿ. ಬಕೆಟ್ ಸ್ನಾನ, ಕೋಣೆಗೆ ದಿನಕ್ಕೆ ಎರಡು ಹಂಡೆ ಬಿಸಿನೀರು. ಕೊಯ್ಲಿಗೆ ಕೈಹಚ್ಚೋರಿಗೆ ಮೂರನೇ ಹಂಡೆ ಕೊಡೋಣ ಅಂತ ಅತ್ತೆ ಹೇಳ್ತಿದ್ದಾರೆ, ಅದಿನ್ನೂ ತೀರ್ಮಾನ ಆಗಿಲ್ಲ.