ಕಾಗೆಯೂ ಬಿಟ್ಟುಹೋದ ಖಾರಾ ಬನ್

ನಾನು ಮಾಡಿದ ಮೊದಲ ಖಾರಾ ಬನ್ನನ್ನು ಕಾಗೆಯೂ ತಿನ್ನಲಿಲ್ಲ. ತಮಾಷೆಗೆ ಹೇಳುತ್ತಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ಒಂದು ಇಟ್ಟು ಬಂದಿದ್ದೆ. ಕಾಗೆ ಬಂತು. ಕತ್ತು ಓರೆ ಮಾಡಿ ನೋಡಿತು. ಎರಡು ಸಲ ಕುಕ್ಕಿತು. ಕೊಕ್ಕು ಒಳಗೆ ಇಳಿಯಲಿಲ್ಲ. ಹಾರಿಹೋಯಿತು. ನಾನೂ ಅತ್ತೆಯೂ ಅಡುಗೆಮನೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆವು. "ಪಿತೃಗಳಿಗೂ ಬೇಡವಂತೆ ಬಿಡು" ಎಂದರು ಅತ್ತೆ.

ನಮ್ಮದು ಶಿವಮೊಗ್ಗ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಊರೇ ಕೇಕ್ ಮಾಡಲು ಹೊರಟಿತ್ತಲ್ಲ, ಆಗ ನಾನೂ 28 ಲೀಟರಿನ ಒಂದು ಓವನ್ ತರಿಸಿದ್ದೆ. ನಾಲ್ಕು ಕೇಕ್ ಆದವು. ಆಮೇಲೆ ಅದು ಹಳೇ ಪೇಪರ್ ಪೇರಿಸುವ ಕಟ್ಟೆಯಾಯಿತು. ಕಳೆದ ವರ್ಷ ಆಷಾಢದಲ್ಲಿ ಮಳೆ ಹಿಡಿದುಕೊಂಡು ಮಕ್ಕಳಿಗೆ ಶಾಲೆ ರಜೆಯ ಮೇಲೆ ರಜೆ. ಮಗಳು ಹಳೇ ಡೈರಿಯಲ್ಲಿ ಪಟ್ಟಿ ಬರೆದಳು. ವಾರಕ್ಕೊಂದು ಹೊಸ ತಿಂಡಿ. ಮೊಟ್ಟೆ ಹಾಕುವ ಹಾಗಿಲ್ಲ, ಅಜ್ಜಿಯೂ ತಿನ್ನಬೇಕು. ಪೇಪರ್ ಕಟ್ಟುಗಳು ಮತ್ತೆ ಅಟ್ಟಕ್ಕೆ ಹೋದವು.

ಮೊದಲು ಮೊಸರು ಹಾಕಿ ಮಾಡುವ ಕೇಕ್. ಒಂದೂವರೆ ಕಪ್ ಮೈದಾ, ಒಂದು ಕಪ್ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ. ಅರ್ಧ ಚಮಚ ಸೋಡಾ, ಒಂದೂಕಾಲು ಚಮಚ ಬೇಕಿಂಗ್ ಪೌಡರ್. ಇದರಲ್ಲಿ ತಪ್ಪುವುದು ಏನಿದೆ? ಕಪ್ ಅಂತ ಬರೆದಿದ್ದಾರೆ, ನಮ್ಮ ಮನೆಯಲ್ಲಿ ಕಾಫಿ ಕಪ್ ಇದೆ. ಎಲ್ಲವನ್ನೂ ಅದರಲ್ಲೇ ಅಳೆದರೆ ಲೆಕ್ಕ ಒಂದೇ ಅಲ್ವಾ ಅಂದುಕೊಂಡೆ. ಮೈದಾ, ಮೊಸರಿನ ಮಟ್ಟಿಗೆ ಅದು ಸರಿಯೇ. ಆದರೆ ಸೋಡಾ ಚಮಚದ ಲೆಕ್ಕ. ರೆಸಿಪಿಯ ಕಪ್ಪು 240 ಮಿಲಿಲೀಟರ್, ನಮ್ಮ ಕಾಫಿ ಕಪ್ಪು 150. ಹಿಟ್ಟು ಕಡಿಮೆಯಾಯಿತು, ಸೋಡಾ ಮಾತ್ರ ಪೂರಾ ಬಿತ್ತು. ಕೇಕ್ ಜೋರಾಗಿ ಮೇಲೆದ್ದು ಅಷ್ಟೇ ಜೋರಾಗಿ ಕುಸಿಯಿತು. ಬಣ್ಣ ಕಪ್ಪು ಬೆಲ್ಲದ್ದು. ಬಾಯಿಗೆ ಇಟ್ಟರೆ ಸೋಪು. ಮೊಸರಿನ ಹುಳಿಗೆ ಸಾಕಾಗಿ ಮಿಕ್ಕ ಸೋಡಾದ ರುಚಿ ಅದು. "ಅಮ್ಮಾ, ಇದರಲ್ಲಿ ಪಾತ್ರೆ ತೊಳೀಬಹುದು" ಎಂದಳು ಮಗಳು.

ಮಾರನೇ ದಿನವೇ ಹೋಗಿ ಒಂದು ಅಡುಗೆ ತಕ್ಕಡಿ ತಂದೆ. ಆಗ ಇನ್ನೊಂದು ವಿಷಯ ಗೊತ್ತಾಯಿತು. ಅಳತೆಯ ಕಪ್ಪನ್ನೇ ತಂದರೂ, ಮೈದಾವನ್ನು ಚಮಚದಲ್ಲಿ ಮೆಲ್ಲಗೆ ತುಂಬಿದರೆ 120 ಗ್ರಾಂ ಆಸುಪಾಸು ಬರುತ್ತದೆ. ಕಪ್ಪನ್ನೇ ಡಬ್ಬಕ್ಕೆ ಇಳಿಸಿ ಬಾಚಿದರೆ ಅದೇ ಕಪ್ಪಿನಲ್ಲಿ 150 ಗ್ರಾಂ ಕೂಡ ಕೂರುತ್ತದೆ. ನಾನು ಬಾಚುವ ಜಾತಿ.

ಎರಡನೇ ಸಲ ತೂಕ ಮಾಡಿ ಕಲಸಿದೆ. ಹಿಟ್ಟು ರೇಷ್ಮೆಯ ಹಾಗೆ ಇಳಿಯುತ್ತಿತ್ತು. ಓವನ್ನಿಗೆ ಇಟ್ಟು ಇಪ್ಪತ್ತು ನಿಮಿಷ ಆಗಿತ್ತು. ಗಾಜಿನಲ್ಲಿ ನೋಡಿದರೆ ನಡುವೆ ಗುಮ್ಮಟದ ಹಾಗೆ ಎದ್ದಿದೆ. ನಾನು ಮಗಳನ್ನು ಕೂಗಿ ತೋರಿಸುತ್ತಿದ್ದೆ. ಕರೆಂಟ್ ಹೋಯಿತು. ಮಳೆಗಾಲದ ಮಲೆನಾಡಿನಲ್ಲಿ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಎಲ್ಲೋ ಮರ ಬಿದ್ದಿರುತ್ತದೆ. ಗ್ಯಾಸ್ ಮೇಲೆ ಇಡೋಣ ಅಂದರೆ ಅಷ್ಟು ದೊಡ್ಡ ಕುಕ್ಕರ್ ಇಲ್ಲ. ಬಾಗಿಲು ತೆಗೆಯದೆ ಕಾದೆವು. ನಲವತ್ತು ನಿಮಿಷದ ಮೇಲೆ ಕರೆಂಟ್ ಬಂದಾಗ ಗುಮ್ಮಟ ಇದ್ದಲ್ಲಿ ಬಾವಿ. ಅಂಚು ಬೆಂದು ಗಟ್ಟಿಯಾಗಿತ್ತು, ನಡುವೆ ಹಸಿ. ಮತ್ತೆ ಬೇಯಿಸಿದರೂ ಆ ಬಾವಿ ಮೇಲೇಳಲಿಲ್ಲ.

ಎಸೆಯಲು ಮನಸ್ಸಾಗಲಿಲ್ಲ. ನಡುವನ್ನು ಕತ್ತರಿಸಿ ತೆಗೆದೆ. ಅಂಚನ್ನು ಚೌಕ ಚೌಕ ಮಾಡಿದೆ. ಡಬ್ಬದಲ್ಲಿ ಸಾಗರದಿಂದ ಬಂದ ತುಡುವೆ ಜೇನು ಇತ್ತು. ಸಕ್ಕರೆ ನೀರು ಕುದಿಸಿ ಇಳಿಸಿ, ಅದು ಬೆಚ್ಚಗಾದ ಮೇಲೆ ಎರಡು ಚಮಚ ಜೇನು ಬೆರೆಸಿ ತುಂಡುಗಳ ಮೇಲೆ ಹೊಯ್ದೆ. ಮಿಕ್ಸೆಡ್ ಫ್ರೂಟ್ ಜಾಮನ್ನು ಚೂರು ಬಿಸಿ ಮಾಡಿ ಸವರಿದೆ. ಮೇಲೆ ಒಣಕೊಬ್ಬರಿ ತುರಿ. ಬೇಕರಿಯ ಹನಿ ಕೇಕ್ ಅಂದರೆ ಇಷ್ಟೇ ತಾನೆ? ಸಂಜೆ ಅಕ್ಕಪಕ್ಕದವರು ಬಂದಾಗ ಅದನ್ನೇ ಕೊಟ್ಟೆ. "ಹನಿ ಕೇಕ್ ಮನೇಲೇ ಮಾಡ್ತೀರಾ?" ಎಂದು ಕಣ್ಣರಳಿಸಿದರು. ನಾನು ಹೌದು ಎಂದೆ. ಕರೆಂಟ್ ಇಲಾಖೆಯ ಪಾಲನ್ನು ಹೇಳಲು ಹೋಗಲಿಲ್ಲ. ಆಮೇಲೆ ಬೇಕೆಂದೇ ಮೂರು ಸಲ ಹನಿ ಕೇಕ್ ಮಾಡಿದ್ದೇನೆ. ಆ ರುಚಿ ಬಂದಿಲ್ಲ. ಸ್ವಲ್ಪ ಗಟ್ಟಿಯಾದ ಅಂಚೇ ಪಾಕ ಹೀರಲು ಒಳ್ಳೆಯದಿರಬೇಕು.

ರಾಗಿ ಬಿಸ್ಕತ್ತು ಮೊದಲ ಸಲಕ್ಕೇ ಚೆನ್ನಾಗಿ ಬಂತು. ತುಪ್ಪ, ಬೆಲ್ಲದ ಪುಡಿ, ಹುರಿದ ರಾಗಿ ಹಿಟ್ಟು, ಏಲಕ್ಕಿ. ಸಲೀಸಾಗಿ ಆದದ್ದರ ಬಗ್ಗೆ ಬರೆಯಲು ಏನೂ ಇರುವುದಿಲ್ಲ ನೋಡಿ. ಆದರೆ ಆ ಧೈರ್ಯದಲ್ಲಿ ಪೂರಾ ರಾಗಿಯ ಬ್ರೆಡ್ ಮಾಡಲು ಹೋದೆ. ರಾಗಿಗೆ ಗೋಧಿಯ ಜಿಗುಟು ಇಲ್ಲ. ಯೀಸ್ಟ್ ಪಾಪ ಗಾಳಿ ಊದುತ್ತದೆ, ಹಿಡಿದಿಟ್ಟುಕೊಳ್ಳಲು ಒಳಗೆ ಬಲೆಯೇ ಇಲ್ಲ. ಮುದ್ದೆಗೂ ಇಟ್ಟಿಗೆಗೂ ನಡುವಿನ ಏನೋ ಒಂದು ಬಂತು. ಮನೆಯವರು ಅದನ್ನು ಸಾರಿಗೆ ಅದ್ದಿಕೊಂಡು ತಿಂದರು. ಅವರ ಒಳ್ಳೆಯತನಕ್ಕೆ ಮಿತಿಯಿಲ್ಲ.

ಇನ್ನು ಖಾರಾ ಬನ್. ಪಟ್ಟಿಯಲ್ಲಿ ನಾನು ನಿಜವಾಗಿ ಬಯಸಿದ್ದು ಅದೊಂದನ್ನೇ. ಸಂಜೆ ನಾಲ್ಕಕ್ಕೆ ಅಯ್ಯಂಗಾರ್ ಬೇಕರಿಯ ಮುಂದೆ ನಿಂತರೆ ಒಳಗಿನಿಂದ ಬಿಸಿ ಟ್ರೇ ಬರುತ್ತದೆ. ಈರುಳ್ಳಿ, ಹಸಿಮೆಣಸು, ಕರಿಬೇವಿನ ಘಮ. ಬನ್ ಸೀಳಿ ಬೆಣ್ಣೆ ಸವರಿ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಕಾಲೇಜಿನ ದಿನಗಳಲ್ಲಿ ನನ್ನ ಸಂಜೆಯ ಊಟವೇ ಅದು.

ಮೊದಲ ಸಲದ ಕಥೆ ಕಾಗೆಗೆ ಗೊತ್ತು. ಹಾಲು ಬೆಚ್ಚಗಿರಬೇಕು ಅಂತ ಇತ್ತು. ನನ್ನ ಬೆಚ್ಚಗೆ ಅಂದರೆ ಕಾಫಿಗೆ ಆಗುವ ಬೆಚ್ಚಗೆ. ಯೀಸ್ಟಿಗೆ ಬೇಕಾದದ್ದು ಮಗುವಿಗೆ ಕುಡಿಸುವಷ್ಟು ಬಿಸಿ, 37–40 ಡಿಗ್ರಿ. 60ರ ಹತ್ತಿರ ಹೋದರೆ ಅದು ಸತ್ತೇಹೋಗುತ್ತದೆ. ನಾನು ಹೆಣವನ್ನು ಕಲಸಿ ಉಬ್ಬಲಿ ಅಂತ ಕಾಯುತ್ತಿದ್ದೆ.

ಎರಡನೇ ಸಲ ಹಾಲನ್ನು ಮಣಿಕಟ್ಟಿನ ಮೇಲೆ ಬಿಟ್ಟು ನೋಡಿದೆ. 250 ಗ್ರಾಂ ಮೈದಾ, ಒಂದು ಚಮಚ ಯೀಸ್ಟ್, ಒಂದು ಚಮಚ ಉಪ್ಪು, ಬೆಣ್ಣೆ. ಹಿಟ್ಟು ನಾದುವಾಗ ಚೆನ್ನಾಗಿಯೇ ಇತ್ತು. ಹೆಚ್ಚಿದ ಈರುಳ್ಳಿ ಸೇರಿಸಿದ್ದೇ ತಡ, ಹತ್ತು ನಿಮಿಷದಲ್ಲಿ ಕೈಗೆಲ್ಲ ಮೆತ್ತಿಕೊಂಡಿತು. ಉಪ್ಪು ತಾಗಿ ಈರುಳ್ಳಿ ನೀರು ಬಿಟ್ಟಿತ್ತು. ಮೈದಾ ಉದುರಿಸಿದೆ. ಮತ್ತೆ ಉದುರಿಸಿದೆ. ರೆಸಿಪಿಯಲ್ಲಿ ಒಂದು ಗಂಟೆ ಬಿಡಿ ಅಂತ ಇತ್ತು. ಗಡಿಯಾರ ನೋಡಿ ಸರಿಯಾಗಿ ಒಂದು ಗಂಟೆ ಬಿಟ್ಟೆ. ಹಿಟ್ಟು ಇನ್ನೂ ಮಲಗಿಯೇ ಇತ್ತು. ಆದರೂ ಉಂಡೆ ಮಾಡಿ ಒಳಗೆ ಇಟ್ಟೆ. ಈ ಸಲದ್ದನ್ನು ಹಲ್ಲಿನಲ್ಲಿ ಕಚ್ಚಬಹುದಿತ್ತು, ಅಷ್ಟೇ ಹೆಚ್ಚುಗಾರಿಕೆ.

ಸಂಜೆ ಬೇಕರಿಗೆ ಹೋದೆ. ಗಲ್ಲೆಯಲ್ಲಿ ಕೂತಿದ್ದ ಹಿರಿಯರನ್ನು ನಾಚಿಕೆ ಬಿಟ್ಟು ಕೇಳಿದೆ. ಅವರು ನಕ್ಕರು. "ಈರುಳ್ಳಿ ಹಿಂಡಿದ್ರಾಮ್ಮ?" ಎಂದರು. ಹೆಚ್ಚಿದ ಈರುಳ್ಳಿಗೆ ಉಪ್ಪು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿಯಾಗಿ ಹಿಂಡಿ, ಕೊನೆಗೆ ಸೇರಿಸಬೇಕಂತೆ. ಆ ಉಪ್ಪನ್ನು ಹಿಟ್ಟಿನ ಉಪ್ಪಿನಲ್ಲೇ ಕಳೆಯಬೇಕಂತೆ. ಇದು ನಾನು ನೋಡಿದ ಯಾವ ರೆಸಿಪಿಯಲ್ಲೂ ಇರಲಿಲ್ಲ. ಎರಡು ಖಾರಾ ಬನ್ ಕಟ್ಟಿಸಿಕೊಂಡು ಬಂದೆ. ಇಷ್ಟು ಕೇಳಿ ಬರಿಗೈಯಲ್ಲಿ ಬರುವುದು ಹೇಗೆ?

ಮೂರನೇ ಸಲ ಭಾನುವಾರ. ಹೊರಗೆ ಜಡಿಮಳೆ, ಅಡುಗೆಮನೆ ತಣ್ಣಗೆ. ಹಿಟ್ಟು ನಾದಿ, ಹಿಂಡಿದ ಈರುಳ್ಳಿ, ಹಸಿಮೆಣಸು, ಜೀರಿಗೆ, ಕೊತ್ತಂಬರಿ, ಕರಿಬೇವು ಸೇರಿಸಿ ಮುಚ್ಚಿಟ್ಟೆ. ಕಣ್ಣು ಗಡಿಯಾರದ ಕಡೆ. ಅತ್ತೆ ಅಕ್ಕಿ ಆರಿಸುತ್ತಾ ನೋಡುತ್ತಿದ್ದರು.

"ಅದೇನು ಗಡಿಯಾರ ನೋಡ್ತಾ ಇದೀಯ?"

"ಒಂದು ಗಂಟೆ ಬಿಡಬೇಕು ಅತ್ತೆ."

"ಯಾವೂರಿನ ಗಂಟೆ? ಇಡ್ಲಿ ಹಿಟ್ಟು ಬೇಸಿಗೇಲಿ ಉಬ್ಬೋ ಹಾಗೆ ಆಷಾಢದಲ್ಲಿ ಉಬ್ಬತ್ತಾ?"

ನಾನು ಬಾಯಿ ಮುಚ್ಚಿಕೊಂಡೆ. ಮಳೆಗಾಲದಲ್ಲಿ ಇಡ್ಲಿ ಹಿಟ್ಟನ್ನು ಸಂಜೆ ಬೇಗ ರುಬ್ಬುವವಳು ನಾನೇ. ಹಿಟ್ಟಿನ ಪಾತ್ರೆಗೆ ಹಳೇ ಟವೆಲ್ ಸುತ್ತುವವಳೂ ನಾನೇ. ಆದರೆ ಓವನ್ನಿನ ಎದುರು ನಿಂತ ಕೂಡಲೇ ಅದೆಲ್ಲ ಮರೆತುಹೋಗಿತ್ತು. ಮೈದಾ, ಯೀಸ್ಟ್ ಅಂದರೆ ಬೇರೆ ವಿದ್ಯೆ, ಅಳತೆಯ ವಿದ್ಯೆ ಅನ್ನೋ ಭ್ರಮೆ.

ಅತ್ತೆ ಪಾತ್ರೆ ಎತ್ತಿಕೊಂಡು ಬಚ್ಚಲಿಗೆ ನಡೆದರು. ನಮ್ಮದು ಹಳೇ ಮನೆ, ಹಂಡೆ ಒಲೆ ಈಗಲೂ ಉಂಟು. ಬೆಳಗಿನ ಬೆಂಕಿ ಆರಿ ಬರೀ ಕೆಂಡ ಇತ್ತು. ಒಲೆಯ ಕಟ್ಟೆಯ ತುದಿಗೆ, ಕೈ ಇಟ್ಟರೆ ಹಿತವಾಗುವ ಜಾಗ ಹುಡುಕಿ ಇಟ್ಟರು. ಬಚ್ಚಲಲ್ಲಿ ಬನ್ ಹಿಟ್ಟು! ಮನೆಯವರು ಸ್ನಾನಕ್ಕೆ ಹೋದವರು ಹಾಗೇ ವಾಪಸ್ ಬಂದರು. ಪೂರಾ ಎರಡು ಗಂಟೆ ಹಿಡಿಯಿತು. ನಡುವೆ ನಾಲ್ಕು ಸಲ ಹೋಗಿ ನೋಡಿದವರು ಅತ್ತೆಯೇ. ಬೆರಳು ಒತ್ತಿದರು. ಗುಳಿ ಮೆಲ್ಲಗೆ, ಅರ್ಧ ಮಾತ್ರ ತುಂಬಿಕೊಂಡಿತು. "ಈಗ ಹದ ಬಂತು" ಎಂದರು. ಜೀವನದಲ್ಲಿ ಒಂದು ಬನ್ ಮಾಡಿದವರಲ್ಲ.

ಉಂಡೆ ಮಾಡಿ ಮತ್ತೆ ಮುಕ್ಕಾಲು ಗಂಟೆ. ಮೇಲೆ ಹಾಲು ಸವರಿದೆ. 190 ಡಿಗ್ರಿ ಬೇಕು. ನನ್ನ ಓವನ್ 190 ಅಂತ ತೋರಿಸಿದರೆ ಒಳಗೆ 215 ಇರುತ್ತದೆ. ಒಂದು ಚಿಕ್ಕ ಥರ್ಮಾಮೀಟರ್ ಒಳಗಿಟ್ಟು ಕಂಡುಹಿಡಿದದ್ದು. ಹಾಗಾಗಿ 165ಕ್ಕೆ ತಿರುಗಿಸಿದೆ. ಕರೆಂಟ್ ಇರಲಿ ಅಂತ ಗಣಪತಿಗೆ ಒಂದು ಕೈ ಮುಗಿದೆ. ಹದಿನೆಂಟು ನಿಮಿಷಕ್ಕೆ ಘಮ ಹಜಾರದವರೆಗೆ ಬಂತು. ತೆಗೆದ ಕೂಡಲೇ ಬೆಣ್ಣೆ ಸವರಿದೆ. ಎಂಟು ಬನ್. ಒತ್ತಿದರೆ ಕುಗ್ಗಿ ಮತ್ತೆ ಏಳುತ್ತಿದ್ದವು. ಬೇಕರಿಯದರಷ್ಟು ಹಗುರ ಅಲ್ಲ, ಉಪ್ಪು ಒಂದು ಕಣ ಜಾಸ್ತಿ. ಎಂಟೂ ಕಾಫಿ ಆರುವ ಮೊದಲು ಖಾಲಿ.

ರಾತ್ರಿ ಅತ್ತೆ ಸಾಗರದ ತಂಗಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಪಾತ್ರೆ ಒರೆಸುತ್ತಿದ್ದೆ. ಕಿವಿಗೆ ಬಿತ್ತು.

"ಹೂಂ ಕಣೇ, ಖಾರಾ ಬನ್ನು, ಮನೇಲೇ. ಮೊದಲೆರಡು ಸಲದ್ದು ಸೊಸೆ ಮಾಡಿದ್ಲು. ಮೂರನೇ ಸಲದ್ದು ನಾನು ಮಾಡಿದ್ದು."